ಬಾಟಲಿಯ ಸ್ಟಿಕ್ಕರ್ ಕಿತ್ತರೂ ಅಂಟು ಹೋಗುತ್ತಿಲ್ಲ, ಏನು ಮಾಡಲಿ?

ಜಾಮ್ ಬಾಟಲಿಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿಟ್ಟರೂ ಅಂಟು ಹಾಗೇ ಇದೆ ಅಂದಿದ್ದೀರಿ. ನಾನೂ ವರ್ಷಗಟ್ಟಲೆ ಇದೇ ಪಾಡು ಪಟ್ಟವಳು. ಉಗುರಿನಲ್ಲಿ ಕೆರೆದೆ, ಚಾಕುವಿನಲ್ಲಿ ಹೆರೆದೆ. ಕಾಗದ ಹೋಗುತ್ತದೆ, ಅಂಟು ಜಪ್ಪಯ್ಯ ಅನ್ನುವುದಿಲ್ಲ. ಎರಡು ದಿನಕ್ಕೆ ಅದರ ಮೇಲೆ ಧೂಳು, ಹಿಟ್ಟು ಮೆತ್ತಿಕೊಂಡು ಕಪ್ಪು ಪಟ್ಟಿಯಾಗುತ್ತದೆ. ನಮ್ಮತ್ತೆಯಂತೂ "ಒಳಗೆ ಚೊಕ್ಕಟವಾಗಿದ್ರೆ ಸಾಕು ಬಿಡಮ್ಮ, ಹೊರಗಡೆ ಯಾರು ನೆಕ್ತಾರೆ" ಅನ್ನುತ್ತಿದ್ದರು.

ಎಲ್ಲ ಅಂಟೂ ಒಂದೇ ಅಂದುಕೊಂಡಿದ್ದೇ ನನ್ನ ತಪ್ಪು. ಕೆಲವು ಲೇಬಲ್‌ಗಳಿಗೆ ನೀರಿನಲ್ಲಿ ಕರಗುವ ಗೋಂದು ಇರುತ್ತದೆ. ಅವು ಬಿಸಿನೀರಿನಲ್ಲಿ ಅರ್ಧ ಗಂಟೆ ಇಟ್ಟರೆ ಸಲೀಸಾಗಿ ಬಿಟ್ಟುಕೊಳ್ಳುತ್ತವೆ. ಕೈಗೆ ಜಿಗಿಜಿಗಿ ಹತ್ತುವ ಸ್ಟಿಕ್ಕರ್ ಅಂಟು ಬೇರೆ ಜಾತಿ, ರಬ್ಬರ್ ಥರದ್ದು. ಅದನ್ನು ವಾರ ನೆನೆಸಿದರೂ ಸುಮ್ನೆ ನೀರು ದಂಡ. ಅದಕ್ಕೆ ಎಣ್ಣೆಯೇ ಬೇಕು. ಹಲಸಿನಹಣ್ಣು ಬಿಡಿಸುವಾಗ ಮೇಣ ಹತ್ತದಿರಲಿ ಅಂತ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತೇವಲ್ಲ, ಅದೇ ಲೆಕ್ಕ.

ಬಾಟಲಿ ಪೂರ್ತಿ ಒಣಗಿರಲಿ. ಮೇಲಿನ ಪ್ಲಾಸ್ಟಿಕ್ ಪದರ ಕಿತ್ತುಬಿಡಿ, ಇಲ್ಲದಿದ್ದರೆ ಎಣ್ಣೆ ಒಳಗೆ ಇಳಿಯುವುದಿಲ್ಲ. ಒಂದು ಚಮಚ ಕೊಬ್ಬರಿ ಎಣ್ಣೆಗೆ ಒಂದು ಚಮಚ ಅಡುಗೆ ಸೋಡಾ ಕಲಸಿ, ದಪ್ಪಗೆ ಬಳಿದು ಅರ್ಧ ಗಂಟೆ ಬಿಡಿ. ಆಮೇಲೆ ತೆಂಗಿನ ನಾರಿನಿಂದ ಉಜ್ಜಿ. ಅಂಟು ಉಂಡೆಯುಂಡೆಯಾಗಿ ಎದ್ದುಬರುತ್ತದೆ. ಜಿಡ್ಡಿಗೆ ಪಾತ್ರೆ ಸೋಪು, ಬಿಸಿನೀರು ಸಾಕು. ಇಷ್ಟಾದರೂ ಅಲ್ಲಲ್ಲಿ ಉಳಿದರೆ ಹತ್ತಿಗೆ ನಾಲ್ಕು ಹನಿ ನೀಲಗಿರಿ ಎಣ್ಣೆ ಹಾಕಿ ಒರೆಸಿ. ಸೀಮೆಎಣ್ಣೆಯೂ ಕೆಲಸ ಮಾಡುತ್ತದೆ, ಆದರೆ ಊಟದ ಸಾಮಾನು ತುಂಬುವ ಬಾಟಲಿಗೆ ಆ ವಾಸನೆ ಯಾಕೆ ಬೇಕು?

ಹೊಸ ಸ್ಟೀಲ್ ಪಾತ್ರೆಯ ಸ್ಟಿಕ್ಕರ್ ಕೀಳಲು ಗ್ಯಾಸ್ ಮೇಲೆ ಹಿಡಿಯುತ್ತೇವೆ ಅಲ್ವಾ, ಗಾಜಿಗೆ ಮಾತ್ರ ಆ ಕೆಲಸ ಬೇಡ. ಹೇರ್ ಡ್ರೈಯರ್ ಇದ್ದರೆ ಒಂದು ನಿಮಿಷ ಬಿಸಿಗಾಳಿ ಹಾಯಿಸಿ, ಮೂಲೆಯಿಂದ ನಿಧಾನವಾಗಿ ಎಳೆಯಿರಿ. ಅದೃಷ್ಟ ಇದ್ದರೆ ಲೇಬಲ್ ಇಡಿಯಾಗಿ ಬರುತ್ತದೆ. ಫ್ರಿಜ್ಜಿನಿಂದ ತೆಗೆದ ತಣ್ಣನೆ ಬಾಟಲಿಗೆ ಕುದಿನೀರು ಸುರಿಯಲೇಬೇಡಿ. ನನ್ನದೊಂದು ಚೆಂದದ ಬಾಟಲಿ ಹಾಗೇ ಸಿಂಕಿನಲ್ಲಿ ಎರಡು ಹೋಳಾಯಿತು.

ಉಪ್ಪಿನಕಾಯಿ ಬಾಟಲಿಯಾದರೆ ಮುಚ್ಚಳವನ್ನು ಎರಡು ದಿನ ಬಿಸಿಲಿಗಿಡಿ. ಆಮೇಲೂ ವಾಸನೆ ಬಂದರೆ ಅದರಲ್ಲಿ ಸಾಸಿವೆ ತುಂಬಿ, ಸಕ್ಕರೆ ಬೇಡ.