ಅಜ್ಜಿ ಕೊಟ್ಟ ಹಾಲು

(ಕುಟುಂಬದ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಹೆಸರು, ಊರು, ಉದ್ಯೋಗಗಳನ್ನು ಬದಲಿಸಿದ್ದೇನೆ.)

ಹತ್ತು ವರ್ಷದ ಹುಡುಗಿಯನ್ನು ಕರೆದುಕೊಂಡು ತಾಯಿ ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದಿದ್ದರು. ಹುಡುಗಿಯನ್ನು ಚಿನ್ನು ಎನ್ನೋಣ. ಎರಡು ವಾರಗಳಿಂದ ಚಿನ್ನು ಅಜ್ಜಿಯ ಕೈಯಿಂದ ಏನನ್ನೂ ತಿನ್ನುತ್ತಿಲ್ಲ ಎಂಬುದು ತಾಯಿಯ ದೂರು. ಶಾಲೆಯಿಂದ ಬಂದವಳು ಅಜ್ಜಿ ಕಾಯಿಸಿಟ್ಟ ಹಾಲನ್ನು ಮುಟ್ಟುವುದಿಲ್ಲ, ದೋಸೆ ಹುಯ್ದು ಕೊಟ್ಟರೆ ತಟ್ಟೆ ಸರಿಸುತ್ತಾಳೆ. ತಾಯಿ ಬ್ಯಾಂಕಿನಿಂದ ಮನೆಗೆ ಬರುವ ಆರೂವರೆಯವರೆಗೆ ಹಸಿದುಕೊಂಡೇ ಕೂತಿರುತ್ತಾಳೆ.

ಆ ಮನೆಗೆ ಒಂದು ನಾಯಿಮರಿ ಬಂದಿತ್ತು. ಆರು ದಿನ ಬದುಕಿತ್ತು.

ಚಿನ್ನುವಿನ ಹುಟ್ಟುಹಬ್ಬಕ್ಕೆಂದು ತಂದೆ ಮೊಬೈಲಿನಲ್ಲಿ ಜಾಹೀರಾತು ನೋಡಿ, ಹನ್ನೆರಡು ಸಾವಿರ ರೂಪಾಯಿ ಕೊಟ್ಟು ಲ್ಯಾಬ್ರಡಾರ್ ಮರಿಯನ್ನು ತಂದಿದ್ದರು. ಮಾರುವವನು ತನ್ನ ಜಾಗಕ್ಕೆ ಕರೆಯಲಿಲ್ಲ. ‘ನಿಮಗೇಕೆ ತೊಂದರೆ, ನಾನೇ ಅರ್ಧ ದಾರಿಗೆ ಬರುತ್ತೇನೆ’ ಎಂದು ಹೆದ್ದಾರಿಯ ಪಕ್ಕದ ಹೋಟೆಲೊಂದರ ಮುಂದೆ ರಟ್ಟಿನ ಪೆಟ್ಟಿಗೆಯನ್ನು ಕೈಗಿತ್ತ. ಎರಡು ತಿಂಗಳ ಮರಿ, ಒಂದು ಲಸಿಕೆ ಆಗಿದೆ ಎಂದ. ಬೆಲ್ಲದ ಬಣ್ಣದ ಆ ಮರಿಗೆ ಚಿನ್ನು ‘ಬೆಲ್ಲ’ ಎಂದೇ ಹೆಸರಿಟ್ಟಳು. ಮರಿ ಬಂದದ್ದು ಭಾನುವಾರ. ಬುಧವಾರ ವಾಂತಿ ಶುರುವಾಯಿತು, ಗುರುವಾರ ರಕ್ತಭೇದಿ, ಶನಿವಾರ ಬೆಳಿಗ್ಗೆ ಸತ್ತುಹೋಯಿತು.

ಗುರುವಾರ ಪಶುವೈದ್ಯರ ಚಿಕಿತ್ಸಾಲಯದ ಜಗುಲಿಯಿಂದ ತಂದೆ ಮನೆಗೆ ಫೋನ್ ಮಾಡಿದ್ದರು. ‘ಅಮ್ಮಾ, ಹಾಲು ಹಾಕಬೇಡ ಎಂದು ಎಷ್ಟು ಸಲ ಹೇಳಿದ್ದೆ?’ ಇಷ್ಟೇ ಮಾತು. ಆ ಮಾತು ಚಿನ್ನುವಿನ ಕಿವಿಗೂ ಬಿತ್ತು. ಅಜ್ಜಿ ಹಾಲು ಹಾಕಿದರು, ಬೆಲ್ಲ ಸತ್ತಿತು ಎಂದು ಮಗು ಲೆಕ್ಕ ಹಾಕಿತು. ಅಜ್ಜಿಯೂ ಅದನ್ನೇ ನಂಬಿದ್ದರು.

ಇದು ನನಗೆ ತಿಳಿದದ್ದು ಎರಡನೆಯ ಭೇಟಿಯಲ್ಲಿ. ಅಜ್ಜಿಯನ್ನೂ ಕರೆತನ್ನಿ ಎಂದು ಹೇಳಿ ಕಳುಹಿಸಿದ್ದೆ. ಅವರಿಗೆ ಅರವತ್ತೆಂಟು ವರ್ಷ, ಮಂಡಿನೋವು. ಮಲೆನಾಡಿನ ಹಳ್ಳಿಯಲ್ಲಿ ಬಾಳಿ, ಗಂಡ ತೀರಿಹೋದ ಮೇಲೆ ಮಗನ ಮನೆಗೆ ಬಂದವರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ ಹೇಳಿದರು: ‘ಊರಿನಲ್ಲಿ ನಾವು ನಾಯಿ ಸಾಕಿರಲಿಲ್ಲಮ್ಮ, ನಾಯಿ ಇತ್ತು ಅಷ್ಟೆ. ಅನ್ನ ಹಾಕಿದರೆ ತಿನ್ನುತ್ತಿತ್ತು, ಕೊಟ್ಟಿಗೆಯಲ್ಲಿ ಮಲಗುತ್ತಿತ್ತು. ಈ ಮರಿ ರಾತ್ರಿಯೆಲ್ಲ ಕುಂಯ್‌ಗುಟ್ಟಿತು. ಹಸಿವು ಎಂದುಕೊಂಡೆ. ಬಿಸಿನೀರು ಬೆರೆಸಿ ಒಂದು ಬಟ್ಟಲು ಹಾಲು ಕೊಟ್ಟೆ.’ ಆ ಸ್ಟೀಲ್ ಬಟ್ಟಲನ್ನು ಯಾರ ಕಣ್ಣಿಗೂ ಬೀಳದಂತೆ ಅಟ್ಟದ ಮೇಲೆ ಇಟ್ಟಿದ್ದಾರಂತೆ.

ನಾನು ಪಶುವೈದ್ಯಳಲ್ಲ. ಆದರೆ ಆ ಮನೆಯವರ ಬಳಿ ಚಿಕಿತ್ಸಾಲಯದ ಚೀಟಿ ಇತ್ತು. ಮುಂದಿನ ವಾರ ನಾಲ್ವರನ್ನೂ ಕೂರಿಸಿಕೊಂಡು ಅದನ್ನು ಗಟ್ಟಿಯಾಗಿ ಓದಿದೆ. ಪಾರ್ವೊ ವೈರಸ್ (ನಾಯಿಮರಿಗಳಿಗೆ ವಾಂತಿ, ರಕ್ತಭೇದಿ ತರುವ ಸೋಂಕು) ಪರೀಕ್ಷೆ: ಪಾಸಿಟಿವ್. ಹಲ್ಲು ನೋಡಿ ಅಂದಾಜು ಮಾಡಿದ ವಯಸ್ಸು: ಐದು ವಾರ. ಎಂಟು ವಾರದ ಮರಿಗೆ ಇಪ್ಪತ್ತೆಂಟು ಹಾಲುಹಲ್ಲುಗಳೂ ಬಂದಿರುತ್ತವೆ. ಬೆಲ್ಲನ ದವಡೆಯ ಹಿಂಭಾಗ ಇನ್ನೂ ಬೋಳಾಗಿತ್ತು. ಪಾರ್ವೊ ಸೋಂಕು ತಗಲಿದ ಮೇಲೆ ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಹಿಡಿಯುತ್ತದೆ, ಕೆಲವೊಮ್ಮೆ ಇನ್ನೂ ಹೆಚ್ಚು. ಹಿಂದೆಂದೂ ನಾಯಿ ಇಲ್ಲದ ಮನೆಗೆ ಭಾನುವಾರ ಬಂದ ಮರಿ ಬುಧವಾರವೇ ವಾಂತಿ ಮಾಡಿಕೊಂಡಿತೆಂದರೆ, ರೋಗ ಆ ರಟ್ಟಿನ ಪೆಟ್ಟಿಗೆಯಲ್ಲೇ ಅದರ ಜೊತೆ ಬಂದಿತ್ತೆಂದು ತಿಳಿಯಬೇಕು. ಹಸುವಿನ ಹಾಲು ಮರಿಗೆ ಒಗ್ಗದೆ ಹೊಟ್ಟೆ ಸಡಿಲವಾಗಬಹುದು, ಅದನ್ನು ಕೊಡದಿರುವುದೇ ಒಳ್ಳೆಯದು. ಆದರೆ ಪಾರ್ವೊ ಹಾಲಿನಿಂದ ಬರುವುದಿಲ್ಲ.

ತಂದೆಗೆ ಒಂದೇ ಮಾತು ಹೇಳಿದೆ: ‘ಫೋನಿನಲ್ಲಿ ಆಡಿದ ಮಾತನ್ನು ನೀವೇ ಹಿಂದಕ್ಕೆ ತೆಗೆದುಕೊಳ್ಳಬೇಕು, ಮಗಳ ಎದುರಿಗೇ.’ ಅವರು ತಾಯಿಯ ಕಡೆ ತಿರುಗಿ ‘ನಿನ್ನ ಹಾಲಿನಿಂದ ಆದದ್ದಲ್ಲಮ್ಮ. ಮರಿಯನ್ನು ನೋಡದೆ ತಂದವನು ನಾನು’ ಎಂದರು. ಅಜ್ಜಿ ಅಳಲಿಲ್ಲ. ‘ಪಾಪ, ತಾಯಿಗಾಗಿ ಅಳುತ್ತಿತ್ತು ಹಾಗಾದರೆ’ ಎಂದರು. ಐದು ವಾರದ ಮರಿಯ ರಾತ್ರಿಯ ಅಳು ಅದೇ ಆಗಿತ್ತು.

ಚಿನ್ನುವಿಗೆ ಇನ್ನೊಂದು ಪ್ರಶ್ನೆ ಇತ್ತು. ಅವಳು ಏಳುವ ಮೊದಲೇ ತಂದೆ ಮರಿಯನ್ನು ಒಯ್ದಿದ್ದರು. ಎಲ್ಲಿ ಹಾಕಿದರು? ಕೇಳಿದಾಗಲೆಲ್ಲ ಮಾತು ತಿರುಗಿಸುತ್ತಿದ್ದರು. ಮಕ್ಕಳಿಗೆ ನೋವಾಗಬಾರದೆಂದು ನಾವು ಬಚ್ಚಿಡುವುದನ್ನು ಅವರ ಕಲ್ಪನೆ ಅದಕ್ಕಿಂತ ಭಯಂಕರವಾಗಿ ತುಂಬಿಕೊಳ್ಳುತ್ತದೆ, ಇದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಕಸದ ಗಾಡಿಗೆ ಹಾಕಿದ್ದಾರೆ ಎಂದುಕೊಂಡಿದ್ದಳು ಚಿನ್ನು. ನಿಜವಾಗಿ ಸ್ನೇಹಿತರೊಬ್ಬರ ತೋಟದಲ್ಲಿ ಹೂತಿದ್ದರು. ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿ ಎಂದೆ, ಹೋಗಿಬಂದರು.

ತೋಟದಿಂದ ಬಂದ ಮೇಲೆ ಚಿನ್ನು ನನ್ನೆದುರು ಬಲಗೈ ತೋರುಬೆರಳನ್ನು ಚಾಚಿದಳು. ‘ಬೆಲ್ಲ ಇಲ್ಲಿ ಕಚ್ಚಿತ್ತು. ಸ್ವಲ್ಪವೇ ರಕ್ತ ಬಂದಿತ್ತು. ಹೇಳಿದರೆ ಮತ್ತೆ ನಾಯಿಯನ್ನೇ ತರುವುದಿಲ್ಲ ಎಂದು ಹೇಳಲಿಲ್ಲ.’ ಗಾಯ ಒಣಗಿ ಸಣ್ಣ ಗೀರಾಗಿತ್ತು. ಆ ದಿನದ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿ ನೇರವಾಗಿ ಸರ್ಕಾರಿ ಆಸ್ಪತ್ರೆಗೆ ಕಳುಹಿಸಿದೆ. ಪಾರ್ವೊ ಮನುಷ್ಯರಿಗೆ ಹರಡುವುದಿಲ್ಲ, ರೇಬೀಸ್ ಹರಡುತ್ತದೆ. ಮರಿ ಸತ್ತು ಮಣ್ಣಾದ ಮೇಲೆ ಅದಕ್ಕೆ ರೇಬೀಸ್ ಇರಲಿಲ್ಲ ಎಂದು ಖಚಿತವಾಗಿ ಹೇಳಬಲ್ಲವರಿಲ್ಲ. ಪುಟ್ಟ ಮರಿಯ ಹಾಲುಹಲ್ಲಾದರೂ ಚರ್ಮ ಸೀಳಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು, ಅದೇ ದಿನ ವೈದ್ಯರ ಬಳಿ ಹೋಗಬೇಕು. ದಿನಗಳು ಕಳೆದಿದ್ದರೂ ಈಗಲೇ ಹೋಗಿ ಲಸಿಕೆ ಆರಂಭಿಸಬೇಕು, ಹೇಳಿದ ದಿನಗಳಂದು ತಪ್ಪದೆ ಮುಗಿಸಬೇಕು. ಚಿನ್ನು ಪೂರ್ತಿ ಹಾಕಿಸಿಕೊಂಡಳು. ನಾಯಿ ಇರುವ ಮನೆಯ ಮಕ್ಕಳಿಗೆ ‘ಕಚ್ಚಿದರೆ ಬಯ್ಯುವುದಿಲ್ಲ, ತಕ್ಷಣ ಹೇಳು’ ಎಂದು ಮೊದಲ ದಿನವೇ ಹೇಳಿಡಿ ಎಂದು ಬೇಡಿಕೊಳ್ಳುತ್ತೇನೆ.

ಈ ನಡುವೆ ಮಾರಿದವನು ತಂದೆಗೆ ಫೋನ್ ಮಾಡಿ ‘ಅರ್ಧ ಬೆಲೆಗೆ ಇನ್ನೊಂದು ಕೊಡುತ್ತೇನೆ, ಅದರದೇ ತಮ್ಮ’ ಎಂದಿದ್ದ. ಮಗಳ ಅಳು ನಿಲ್ಲಲಿ ಎಂದು ತಂದೆ ಒಪ್ಪುವುದರಲ್ಲಿದ್ದರು. ನಾನು ಬೇಡವೆಂದದ್ದಕ್ಕೆ ಮೊದಲ ಕಾರಣ ಆ ಮನೆಯ ನೆಲವೇ. ಪಾರ್ವೊ ವೈರಸ್ ಮನೆಯೊಳಗೆ ತಿಂಗಳುಗಟ್ಟಲೆ ಉಳಿಯುತ್ತದೆ, ಸಾಮಾನ್ಯ ಫಿನಾಯಿಲಿಗೆ ಜಗ್ಗುವುದಿಲ್ಲ. ಚೆನ್ನಾಗಿ ತೊಳೆದ ಮೇಲೆ ಮೂವತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ದ್ರಾವಣ ಬೆರೆಸಿ ಹತ್ತು ನಿಮಿಷ ನೆಲ ಒದ್ದೆಯಾಗಿರುವಂತೆ ಬಿಡಬೇಕು. ಮರಿ ಮಲಗಿದ ಬಟ್ಟೆ, ಆಟಿಕೆಗಳನ್ನು ಎಸೆಯಬೇಕು. ಲಸಿಕೆ ಪೂರ್ತಿಯಾಗದ ಮರಿಯನ್ನು ಅಂಥ ಮನೆಗೆ ತಂದರೆ ಇನ್ನೊಂದು ಸಾವನ್ನು ಕರೆದಂತೆ. ಎರಡನೆಯ ಕಾರಣ ಚಿನ್ನು. ಒಂದು ಜೀವ ಹೋದ ವಾರದಲ್ಲೇ ಅದರ ಜಾಗಕ್ಕೆ ಇನ್ನೊಂದನ್ನು ತಂದಿಟ್ಟರೆ, ಒಡೆದ ಲೋಟದ ಬದಲು ಹೊಸ ಲೋಟ ತಂದ ಹಾಗೆ ಎಂದು ಮಗು ಕಲಿಯುತ್ತದೆ. ಆ ಫೋನಿಗೆ ಉತ್ತರ ಕೊಡಬೇಡಿ ಎಂದೆ.

ನಾಯಿ ಬೇಕೇ ಬೇಕು ಎಂಬ ಮಾತು ಮನೆಯಲ್ಲಿ ಆರಲಿಲ್ಲ. ಆಗ ತಂದೆಗೂ ತಾಯಿಗೂ ಒಂದು ಹಾಳೆ ಕೊಟ್ಟು, ಇಪ್ಪತ್ತನಾಲ್ಕು ಗಂಟೆಗಳನ್ನು ಗೆರೆ ಹಾಕಿ ವಿಂಗಡಿಸಿ ಎಂದೆ. ಎರಡು ತಿಂಗಳ ಮರಿಗೆ ದಿನಕ್ಕೆ ಮೂರು ನಾಲ್ಕು ಊಟ. ಎಚ್ಚರವಿದ್ದಾಗ ಎರಡು ಗಂಟೆಗೊಮ್ಮೆಯಾದರೂ ಮೂತ್ರಕ್ಕೆ ಕರೆದೊಯ್ಯಬೇಕು, ಉಂಡ ಕೂಡಲೇ ಮತ್ತೆ, ರಾತ್ರಿ ಒಂದೆರಡು ಬಾರಿ. ಪ್ರತಿ ಗಂಟೆಯ ಎದುರು ಯಾರು ಮಾಡುತ್ತಾರೆಂದು ಹೆಸರು ಬರೆಯಿರಿ ಎಂದೆ. ತಂದೆ ಉತ್ಸಾಹದಿಂದ ತಮ್ಮ ಹೆಸರನ್ನು ಹತ್ತು ಕಡೆ ಬರೆದರು. ಕಾರ್ಖಾನೆಯ ಪಾಳಿ ನೆನಪಾಗಿ ಒಂದೊಂದಾಗಿ ಅಳಿಸಿದರು. ಕೊನೆಗೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆವರೆಗೆ ‘ಅಮ್ಮ, ಅಮ್ಮ, ಅಮ್ಮ’ ಎಂದು ಸಾಲಾಗಿ ಉಳಿಯಿತು. ‘ಅಜ್ಜಿಯನ್ನು ಕೇಳಿದ್ದೀರಾ?’ ಎಂದೆ. ಇಬ್ಬರೂ ಮುಖ ನೋಡಿಕೊಂಡರು. ಮೊದಲ ಸಲವೂ ಕೇಳಿರಲಿಲ್ಲ.

ಮಕ್ಕಳು ಹಟ ಮಾಡಿದರೆಂದು ನಾಯಿ ತರುವ ಪ್ರತಿ ಮನೆಯಲ್ಲೂ ನಾನು ಕೇಳುವ ಪ್ರಶ್ನೆ ಇದೇ. ಹತ್ತು ವರ್ಷದ ಹುಡುಗಿ ನಾಯಿಯನ್ನು ಪ್ರೀತಿಸಬಲ್ಲಳು, ಹೊರಬಲ್ಲಳೆಂದಲ್ಲ. ಲ್ಯಾಬ್ರಡಾರ್ ಹತ್ತು ಹನ್ನೆರಡು ವರ್ಷ ಬಾಳುತ್ತದೆ. ಅದು ಮುದಿಯಾಗುವಾಗ ಚಿನ್ನು ಕಾಲೇಜಿನಲ್ಲಿರುತ್ತಾಳೆ, ಬೇರೆ ಊರಿನಲ್ಲಿರಬಹುದು. ಅಜ್ಜಿಗೆ ಎಂಬತ್ತಾಗುತ್ತದೆ. ಹಗಲು ಮನೆಯಲ್ಲಿರುವ ದೊಡ್ಡವರು ಮನಸಾರೆ ಹೂಂ ಎನ್ನದ ಮನೆಗೆ ಮರಿ ಬರಬಾರದು. ಈ ವಿಷಯದಲ್ಲಿ ನಾನು ಯಾರಿಗೂ ಸಡಿಲ ಬಿಟ್ಟವಳಲ್ಲ.

ಅಜ್ಜಿಯನ್ನು ಕೇಳಿದೆವು. ಮರಿ ಬೇಡವೆನ್ನಲಿಲ್ಲ. ‘ಎರಡು ಮಹಡಿ ಇಳಿದು ಹತ್ತುವುದು ನನ್ನಿಂದಾಗದು. ದೊಡ್ಡ ನಾಯಿ ಎಳೆದರೆ ನಾನು ಬೀಳುತ್ತೇನೆ’ ಎಂದರು. ಮೂವತ್ತು ಕಿಲೋ ತೂಗುವ ಲ್ಯಾಬ್ರಡಾರ್‌ನ ಆಸೆ ಅಲ್ಲಿಗೆ ಮುಗಿಯಿತು. ತಾಯಿ ‘ಹಾಗಾದರೆ ನಮ್ಮದೇ ನಾಡಿನ ಮುಧೋಳ ತರೋಣ’ ಎಂದರು. ಅಭಿಮಾನ ನನಗೂ ಇದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ತಳಿ ಅದು, ಬಾಗಲಕೋಟೆ ಜಿಲ್ಲೆಯ ಹೆಮ್ಮೆ. ಆದರೆ ಬೇಟೆಗಾಗಿ ಓಡಲೆಂದೇ ಬೆಳೆದು ಬಂದ ಆ ನಾಯಿಗೆ ಎರಡನೆಯ ಮಹಡಿಯ ಪಡಸಾಲೆ ಸೆರೆಮನೆ. ಸಿನಿಮಾದಲ್ಲಿ ನೋಡಿದ, ಹಿಮನಾಡಿನ ಹಸ್ಕಿ ನಾಯಿಯನ್ನು ನಮ್ಮ ಏಪ್ರಿಲ್ ಬಿಸಿಲಿಗೆ ತಂದು ಕಟ್ಟುವುದೂ, ಮೂಗು ಚಪ್ಪಟೆಯಾಗಿ ಉಸಿರಿಗೇ ಕಷ್ಟಪಡುವ ಪಗ್ ಕೊಳ್ಳುವುದೂ ನನಗೆ ಒಪ್ಪಿಗೆಯಿಲ್ಲ. ಹದವಾದ ಗಾತ್ರದ ಊರನಾಯಿಯ ಮರಿ ಈ ಮನೆಗೆ ಹೊಂದುತ್ತದೆ ಎಂದೆ. ಊರನಾಯಿಗೆ ರೋಗವೇ ಬರುವುದಿಲ್ಲ ಎಂಬ ಮಾತನ್ನು ಮಾತ್ರ ನಂಬಬೇಡಿ, ಪಾರ್ವೊ ಅದಕ್ಕೂ ಬರುತ್ತದೆ.

ಕೊಳ್ಳಲೇಬೇಕು ಎನ್ನುವವರಿಗೂ ಕೆಲವು ಮಾತು ಹೇಳಬೇಕು. 2017ರ ಶ್ವಾನ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ತಳಿ ಬೆಳೆಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನೋಂದಣಿ ಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ, ರಶೀದಿಯನ್ನೂ ಪಡೆಯಿರಿ. ಮರಿ ಹುಟ್ಟಿ ಬೆಳೆದ ಜಾಗಕ್ಕೇ ಹೋಗಿ, ತಾಯಿನಾಯಿಯ ಮಗ್ಗುಲಲ್ಲಿ ಅದನ್ನು ನೋಡಿ. ತಾಯಿಯನ್ನು ತೋರಿಸಲು ಒಪ್ಪದವನಿಂದ ಮರಿ ತರಬೇಡಿ. ಕಣ್ಣು ಮೂಗು ಸೋರದೆ, ಬಾಲದ ಬುಡ ಕೊಳೆಯಾಗದೆ, ಹೊಟ್ಟೆ ಡೋಲಿನಂತೆ ಉಬ್ಬದೆ ಇರಬೇಕು. ಲಸಿಕೆ ಪುಸ್ತಕದಲ್ಲಿ ಔಷಧಿ ಸೀಸೆಯಿಂದ ಬಿಡಿಸಿ ಅಂಟಿಸಿದ ಚೀಟಿ, ವೈದ್ಯರ ಸಹಿ, ಮೊಹರು ಇರಬೇಕು. ಬೆಲ್ಲನ ಪುಸ್ತಕದಲ್ಲಿ ಪೆನ್ನಿನಲ್ಲಿ ಗೀಚಿದ ಒಂದು ತಾರೀಖು ಬಿಟ್ಟರೆ ಬೇರೇನೂ ಇರಲಿಲ್ಲ.

ಮರಿ ಮನೆಗೆ ಬಂದ ಮೇಲೆ ಲಸಿಕೆಯ ಕೆಲಸ ಒಂದೇ ಸೂಜಿಗೆ ಮುಗಿಯುವುದಿಲ್ಲ. ತಾಯಿಯಿಂದ ಬಂದ ರಕ್ಷಣೆ ಮೊದಲ ಲಸಿಕೆಯನ್ನು ಕೆಲಸ ಮಾಡಲು ಬಿಡದಿರಬಹುದು. ಅದಕ್ಕೇ ಆರರಿಂದ ಎಂಟು ವಾರಕ್ಕೆ ಆರಂಭಿಸಿ, ಹದಿನಾರು ವಾರ ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿಸುತ್ತಾರೆ. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ. ಜಂತಿನ ಔಷಧಿಯನ್ನೂ ಅವರೇ ತೂಕ ನೋಡಿ ಕೊಡಲಿ. ಲಸಿಕೆ ಮುಗಿಯುವ ತನಕ ಬೀದಿಯ ನೆಲದ ಮೇಲೆ ಬಿಡಬಾರದು, ಹಾಗೆಂದು ಕೋಣೆಯಲ್ಲಿ ಕೂಡಿಹಾಕಲೂಬಾರದು. ಮೂರರಿಂದ ಹದಿನಾಲ್ಕು ವಾರಗಳ ನಡುವೆ ಕಂಡದ್ದನ್ನು, ಕೇಳಿದ್ದನ್ನು ಮರಿ ಜೀವನಪೂರ್ತಿ ತನ್ನದೆಂದು ತಿಳಿಯುತ್ತದೆ. ಎತ್ತಿಕೊಂಡು ಹೋಗಿ ಆಟೋ ಸದ್ದು, ಕುಕ್ಕರ್ ಸೀಟಿ, ಛತ್ರಿ, ಹೆಲ್ಮೆಟ್ ತೊಟ್ಟವರು ಎಲ್ಲವನ್ನೂ ಪರಿಚಯಿಸಬೇಕು.

ಅಡುಗೆಮನೆಯ ವಿಷಯವನ್ನು ಅಜ್ಜಿಗೇ ನೇರವಾಗಿ ಹೇಳಿದೆ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡ. ಪಾಯಸದ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಚಾಕೊಲೇಟ್ ವಿಷ. ಬೇಯಿಸಿದ ಮೂಳೆ ಸಿಗುರಾಗಿ ಕರುಳನ್ನು ಚುಚ್ಚುತ್ತದೆ. ಜ್ವರವೆಂದು ನಮ್ಮ ಪ್ಯಾರಾಸಿಟಮಾಲ್ ಕೊಡಲೇಬಾರದು. ಅವರು ಒಂದೊಂದನ್ನೂ ಮತ್ತೆ ಹೇಳಿಸಿ ಚಿನ್ನುವಿನಿಂದ ಕ್ಯಾಲೆಂಡರಿನ ಹಿಂಬದಿ ಬರೆಸಿಕೊಂಡರು. ಅಟ್ಟದ ಬಟ್ಟಲನ್ನು ಏನು ಮಾಡಲಿ ಎಂದು ಕೇಳಿದರು. ಸ್ಟೀಲ್ ಆದ್ದರಿಂದ ತೊಳೆದು ಬ್ಲೀಚ್ ನೀರಿನಲ್ಲಿ ನೆನೆಸಿ, ಮತ್ತೆ ಚೆನ್ನಾಗಿ ತೊಳೆದರೆ ಸಾಕು ಎಂದೆ.

ನಾಲ್ಕು ತಿಂಗಳ ನಂತರ ಅವರು ತಂದದ್ದು ಹತ್ತು ವಾರದ ಹೆಣ್ಣುಮರಿ. ಪರಿಚಯದವರ ಮನೆಯ ಅಂಗಳದಲ್ಲಿ ಹುಟ್ಟಿದ್ದು, ಎರಡು ಲಸಿಕೆ ಆಗಿತ್ತು. ತರುವ ಮೊದಲು ಎರಡು ಭಾನುವಾರ ಹೋಗಿ ತಾಯಿನಾಯಿಯ ಜೊತೆ ಕುಳಿತು ಬಂದಿದ್ದರು. ಬೆಳಗಿನ ಐದು ಗಂಟೆಯ ಸರದಿ ತಂದೆಯದು, ಮಧ್ಯಾಹ್ನಕ್ಕೆ ಕೆಳಮನೆಯ ಹುಡುಗನಿಗೆ ಸಂಬಳ ಕೊಟ್ಟು ಗೊತ್ತುಮಾಡಿದ್ದಾರೆ. ಅಜ್ಜಿಯ ಪಾಲಿಗೆ ಎರಡು ಊಟ ಮಾತ್ರ. ಚಿನ್ನು ಈಗ ಸಂಜೆಯ ದೋಸೆಯನ್ನು ಅಜ್ಜಿಯ ಪಕ್ಕದಲ್ಲೇ ಕೂತು ತಿನ್ನುತ್ತಾಳಂತೆ.

ಕಳೆದ ಭೇಟಿಯಲ್ಲಿ ದೀಪಾವಳಿಯ ಮಾತು ಬಂತು. ಎಲ್ಲರೂ ಊರಿಗೆ ಹೋದರೆ ಮರಿಯನ್ನು ಯಾರು ನೋಡುತ್ತಾರೆ? ‘ನಾನೇ ಉಳಿಯುತ್ತೇನೆ ಬಿಡಿ’ ಎಂದರು ಅಜ್ಜಿ. ಹೋಗಬೇಕಾದದ್ದು ಅವರದೇ ಊರಿಗೆ. ತಂದೆ ಒಮ್ಮೆ ತಲೆಯಾಡಿಸಿ, ನನ್ನ ಮುಖ ನೋಡಿ ನಿಲ್ಲಿಸಿದರು. ಬೇರೆ ಏರ್ಪಾಡು ಯೋಚಿಸಿಕೊಂಡು ಬನ್ನಿ ಎಂದು ಮುಂದಿನ ಭೇಟಿಯ ದಿನವನ್ನು ಬರೆದು ಕೊಟ್ಟಿದ್ದೇನೆ.