ವಾಚ್ ಬೆಲ್ಟಿಗೆ ಕೊಬ್ಬರಿ ಎಣ್ಣೆ ಸವರಬಹುದೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಚರ್ಮದ ಬೆಲ್ಟ್ ಕೊಂಡು ಆರು ತಿಂಗಳಾಯಿತು. ಒಳಮೈ ಕಪ್ಪಾಗಿ ಹುಳಿ ವಾಸನೆ ಹೊಡೆಯುತ್ತಿದೆ. ಕೊಬ್ಬರಿ ಎಣ್ಣೆ ಸವರಿದರೆ ಸರಿಹೋಗುತ್ತದೆ ಎನ್ನುತ್ತಾರೆ. ನಿಜವೇ? (ಬಸವನಗುಡಿ)

ಎಣ್ಣೆ ಬೇಡವೇ ಬೇಡ. ಅದು ಚರ್ಮದೊಳಗೆ ಇಳಿದು ಬಣ್ಣವನ್ನು ಕಪ್ಪಾಗಿಸುತ್ತದೆ, ಧೂಳು ಹಿಡಿಸುತ್ತದೆ, ಮೇಲ್ಪದರ ಮತ್ತು ಒಳಪದರ ಕೂಡಿಸಿರುವ ಅಂಟನ್ನು ಸಡಿಲಿಸುತ್ತದೆ. ವಾಸನೆಗೆ ಕಾರಣ ಬೆವರು. ನೀರಿನಂಶ ಆರಿದರೂ ಉಪ್ಪು ಚರ್ಮದಲ್ಲೇ ಉಳಿಯುತ್ತದೆ. ಆ ಉಪ್ಪು ಗಾಳಿಯ ತೇವ ಎಳೆದುಕೊಳ್ಳುವುದರಿಂದ ಮಳೆಗಾಲದಲ್ಲಿ ಬೆಲ್ಟ್ ಪೂರ್ತಿ ಒಣಗುವುದೇ ಇಲ್ಲ, ಬ್ಯಾಕ್ಟೀರಿಯಾ ಬೆಳೆಯುತ್ತವೆ.

ಮೊದಲು ಬೆಲ್ಟನ್ನು ವಾಚಿನಿಂದ ಬಿಚ್ಚಿ. ಅರ್ಧ ಲೋಟ ನೀರಿಗೆ ಒಂದೇ ಹನಿ ಮಕ್ಕಳ ಶಾಂಪೂ ಸಾಕು. ಹಳೆಯ ಬನಿಯನ್ ತುಂಡನ್ನು ಅದರಲ್ಲಿ ಅದ್ದಿ, ಒಂದು ಹನಿಯೂ ತೊಟ್ಟಿಕ್ಕದಷ್ಟು ಗಟ್ಟಿಯಾಗಿ ಹಿಂಡಿ, ಒಳಮೈಯನ್ನು ಉದ್ದಕ್ಕೆ ಒರೆಸಿ. ಮೊದಲ ಸಲ ಬಟ್ಟೆಗೆ ಕಂದು ಗೆರೆ ಬರುತ್ತದೆ. ಬಟ್ಟೆ ಮಡಚಿ ಹೊಸ ಭಾಗದಿಂದ ಮತ್ತೆ ಒರೆಸಿ, ಗೆರೆ ತೆಳುವಾದ ಮೇಲೆ ಬರೀ ನೀರಿನ ಬಟ್ಟೆಯಿಂದ ಸೋಪು ತೆಗೆಯಿರಿ. ಫ್ಯಾನ್ ಗಾಳಿಗೆ ಇಡೀ ರಾತ್ರಿ ಒಣಗಲಿ. ಬಿಸಿಲು, ಹೇರ್ ಡ್ರೈಯರ್ ಎರಡೂ ಬೇಡ, ಬಿಸಿಗೆ ಚರ್ಮ ಸೆಟೆದು ಬಿರುಕು ಬಿಡುತ್ತದೆ. ಒಣಗಿದ ಮೇಲೆ ಲೆದರ್ ಕಂಡಿಷನರ್ ಹಚ್ಚುವುದಾದರೆ ಅರ್ಧ ಬಟಾಣಿಯಷ್ಟು, ಅದೂ ಹೊರಮೈಗೆ ಮಾತ್ರ. ಮಖಮಲ್ಲಿನಂತೆ ನವಿರಾದ ಮೇಲ್ಮೈಯ ಸ್ವೇಡ್ ಚರ್ಮದ ಬೆಲ್ಟಿಗೆ ಇದಾವುದೂ ಸಲ್ಲದು, ಒಣ ಬ್ರಷ್ ಒಂದೇ ದಾರಿ.

ಎರಡು ಸಲ ಹೀಗೆ ಮಾಡಿದರೂ ವಾಸನೆ ಹೋಗದಿದ್ದರೆ ಒಳಪದರದ ಕಾಲ ಮುಗಿದಿದೆ, ಹೊಸದು ಹಾಕಿಸಿ. ಸಾಧ್ಯವಾದರೆ ಎರಡು ಬೆಲ್ಟ್ ಇಟ್ಟುಕೊಂಡು ದಿನ ಬಿಟ್ಟು ದಿನ ಕಟ್ಟಿ. ಬೆಲ್ಟಿನ ಆಯಸ್ಸು ಹೆಚ್ಚಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ನಮ್ಮದು ಬೋರ್‌ವೆಲ್ ನೀರು. ಸ್ಟೀಲ್ ಚೈನ್ ತೊಳೆದಷ್ಟೂ ಬಿಳಿ ಕಲೆ, ಕೊಂಡಿಗಳ ಸಂದಿಯಲ್ಲಿ ಕಪ್ಪು ಕೊಳೆ. ತುಕ್ಕು ಹಿಡಿಯುತ್ತಿದೆಯೇ? (ವೈಟ್‌ಫೀಲ್ಡ್)

ಅದು ತುಕ್ಕಲ್ಲ. ಸತ್ತ ಚರ್ಮ, ಬೆವರು, ಸೋಪು, ರಸ್ತೆ ಧೂಳು ಕಲೆತ ಗಸಿ. ಆದರೂ ಅಲಕ್ಷಿಸಬೇಡಿ. ಧೂಳಿನ ಕಣಗಳು ಮರಳುಕಾಗದದಂತೆ ಕೊಂಡಿಯ ಪಿನ್ನುಗಳನ್ನು ಸವೆಸುತ್ತವೆ. ಹಳೆಯ ಚೈನುಗಳು ಜೋತುಬೀಳುವುದು ಹೀಗೆ.

ಚೈನ್ ಬಿಚ್ಚಿ, 250 ಮಿ.ಲೀ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ 3–4 ಹನಿ ಹಾಕಿ 15 ನಿಮಿಷ ನೆನೆಸಿ. ಮಕ್ಕಳ ಮೆತ್ತನೆಯ ಟೂತ್‌ಬ್ರಷ್ ಹಿಡಿದು, ಚೈನನ್ನು ಬೆರಳಿನ ಮೇಲೆ ಬಾಗಿಸಿದಾಗ ತೆರೆದುಕೊಳ್ಳುವ ಸಂದಿಗಳನ್ನು ಒಂದೊಂದಾಗಿ ಉಜ್ಜಿ. ಲಾಕಿನ ಒಳಭಾಗ ಮರೆಯಬೇಡಿ, ಹೆಚ್ಚು ಕೊಳೆ ಅಡಗುವುದೇ ಅಲ್ಲಿ.

ಬಿಳಿ ಕಲೆ ಗಡಸು ನೀರಿನ ಸುಣ್ಣದ್ದು. ಕೊನೆಯ ಜಾಲಿಸುವಿಕೆಗೆ ಕುಡಿಯುವ ಫಿಲ್ಟರ್ ನೀರು ಬಳಸಿ ಕೂಡಲೇ ಒರೆಸಿದರೆ ಕೂರುವುದಿಲ್ಲ. ಈಗಾಗಲೇ ಕೂತಿದ್ದರೆ ವಿನೆಗರ್, ನೀರು ಸಮಸಮ ಬೆರೆಸಿ ಬಟ್ಟೆಯಲ್ಲಿ ಅದ್ದಿ ಒರೆಸಿ, 5 ನಿಮಿಷ ಬಿಟ್ಟು ತೊಳೆಯಿರಿ. ಇದು ಬರೀ ಸ್ಟೀಲಿಗೆ ಮಾತ್ರ, ಚಿನ್ನದ ಲೇಪನಕ್ಕಲ್ಲ. ಬಾತ್‌ರೂಮಿನ ಆ್ಯಸಿಡ್ ಹತ್ತಿರಕ್ಕೂ ತರಬೇಡಿ, ಅದು ಸ್ಟೀಲಿನಲ್ಲಿ ಸೂಜಿಮೊನೆಯಂಥ ಗುಳಿ ಕೊರೆಯುತ್ತದೆ. ಹಿಂಬದಿಯಲ್ಲಿ 30 ಮೀಟರ್ ಎಂದಿದ್ದರೂ ವಾಚನ್ನು ಮಾತ್ರ ಮುಳುಗಿಸಬೇಡಿ, ಅದು ಹನಿ ಸಿಡಿದರೆ ತಡೆಯುವಷ್ಟೇ.

ತಾತನ ಎಚ್‌ಎಂಟಿ ವಾಚು. ಬೆಲ್ಟ್ ಕೂರುವ ಕೊಂಬುಗಳ ನಡುವೆ ಹಸಿರು ಪುಡಿ ಕಟ್ಟಿದೆ. ಹೇಗೆ ತೆಗೆಯಲಿ? (ಜಾಲಹಳ್ಳಿ)

ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ವಾಚ್ ತಯಾರಿಕೆ ಶುರುಮಾಡಿದ ಎಚ್‌ಎಂಟಿಯ ಹಳೆಯ ಮಾದರಿಗಳಲ್ಲಿ ಹಲವಕ್ಕೆ ಹಿತ್ತಾಳೆ ಕೇಸಿನ ಮೇಲೆ ಕ್ರೋಮ್ ಲೇಪನ. ಲೇಪನ ಸವೆದ ಕಡೆ ಬೆವರು ತಾಗಿ ತಾಮ್ರದಂಶ ಹಸಿರುಗಟ್ಟುತ್ತದೆ. ಬೆಲ್ಟ್ ತೆಗೆದು, ಮರದ ಹಲ್ಲುಕಡ್ಡಿಯಿಂದ ಒಣದಾಗಿಯೇ ಮೆಲ್ಲಗೆ ಕೆರೆದು ಒಣ ಬ್ರಷ್ ಆಡಿಸಿ. ದೀಪದ ಕಂಬ ಬೆಳಗುವ ಹುಣಸೆಹಣ್ಣು ಇಲ್ಲಿ ಬೇಡ. ಹುಳಿ ಲೇಪನದ ಅಡಿಗೆ ಇಳಿದು ಹಿತ್ತಾಳೆ ತಿಂದರೆ ಕ್ರೋಮ್ ಪದರ ಪದರವಾಗಿ ಏಳುತ್ತದೆ. ಬೆಲ್ಟನ್ನು ಕೊಂಬುಗಳ ನಡುವೆ ಹಿಡಿದಿಡುವ ಸ್ಪ್ರಿಂಗ್ ಪಿನ್ನುಗಳನ್ನೂ ಬದಲಿಸಿ, ಒಳಗೆ ತುಕ್ಕು ಹಿಡಿದ ಪಿನ್ ಜಾರಿದರೆ ತಾತನ ವಾಚು ಬಸ್ಸಿನಲ್ಲೇ ಉದುರೀತು. ಅಳತೆಗೆ ಹಳೆಯ ಬೆಲ್ಟನ್ನು ನಂಬಬೇಡಿ, ಕೊಂಬುಗಳ ಒಳ ಅಂತರವನ್ನೇ ಮಿ.ಮೀ.ನಲ್ಲಿ ಅಳೆದುಕೊಳ್ಳಿ.

ಬಿಳಿ ಸಿಲಿಕೋನ್ ಬೆಲ್ಟಿಗೆ ಅರಿಶಿನ ತಾಗಿತ್ತು. ಸೋಪು ಹಚ್ಚಿದರೆ ಕೆಂಪಾಯಿತು! (ವಿಜಯನಗರ)

ಗಾಬರಿ ಬೇಡ. ಸೋಪಿನ ಕ್ಷಾರಕ್ಕೆ ಅರಿಶಿನ ಕೆಂಪಾಗುವುದು ಸಹಜ, ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಉಜ್ಜಿ ಫಲವಿಲ್ಲ, ಬಣ್ಣ ಒಳಗೆ ಇಳಿದಿರುತ್ತದೆ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲದು. ಕಲೆ ಮೇಲೆ ಬರುವಂತೆ ಬೆಲ್ಟನ್ನು ಬಾಲ್ಕನಿಯ ನೇರ ಬಿಸಿಲಿಗೆ ಎರಡು ಮೂರು ದಿನ ಇಡಿ, ಮೋಡವಿದ್ದರೆ ಇನ್ನೂ ಒಂದೆರಡು ದಿನ. ಬೆಲ್ಟ್ ಮಾತ್ರ ಬಿಸಿಲಿಗೆ, ವಾಚ್ ಒಳಗಿರಲಿ.