ಅಲ್ಟ್ರಾಸೌಂಡ್ ಪ್ರೋಬ್‌ನ ಬ್ಯಾಂಡ್‌ವಿಡ್ತ್ ಹೆಚ್ಚಿಸಲು ಬ್ಯಾಕಿಂಗ್ ಒಂದೇ ಸಾಕೇ?

ಮೈಸೂರಿನಲ್ಲಿ ಕಾಲೇಜು ಪ್ರಾಜೆಕ್ಟ್‌ಗೆ 5 ಮೆಗಾಹರ್ಟ್ಸ್ ಪ್ರೋಬ್ ಮಾಡ್ತಿದ್ದೀನಿ ಅಂದಿದ್ದೀರಿ. ಬ್ಯಾಂಡ್‌ವಿಡ್ತ್ (ಪ್ರೋಬ್ ಕೆಲಸ ಮಾಡುವ ಆವರ್ತನಗಳ ಹರವು) ಹೆಚ್ಚಿಸಲು ಬ್ಯಾಕಿಂಗ್, ಅಂದರೆ ಕಂಪಿಸುವ ಬಿಲ್ಲೆಯ ಹಿಂದಿನ ಪದರ, ಒಂದನ್ನೇ ನಂಬಬೇಡಿ. ಎಪಾಕ್ಸಿ ಅಂಟಿಗೆ ಟಂಗ್‌ಸ್ಟನ್ ಪುಡಿ ಬೆರೆಸಿ ಹಿಂದೆ ಕೂರಿಸಿದರೆ ಕಂಪನ ಬೇಗ ಅಡಗಿ ಬ್ಯಾಂಡ್‌ವಿಡ್ತ್ ಹಿಗ್ಗುತ್ತೆ, ನಿಜ. ಆದರೆ ಶಕ್ತಿಯೂ ಹಿಂದಕ್ಕೆ ಸೋರಿಹೋಗುತ್ತೆ; ಆಳದಿಂದ ಬರುವ ಕ್ಷೀಣ ಪ್ರತಿಧ್ವನಿ ಕೈಗೆ ಸಿಗಲ್ಲ.

ಅಸಲಿ ತೊಡಕು ಮುಂಭಾಗದ್ದು. ಕಂಪಿಸುವ ಬಿಲ್ಲೆ ಪಿಜಡ್‌ಟಿ ಅನ್ನೋ ಸೆರಾಮಿಕ್; ಅದರ ಅಕೌಸ್ಟಿಕ್ ಇಂಪಿಡೆನ್ಸ್ (ಶಬ್ದಕ್ಕೆ ವಸ್ತು ಒಡ್ಡುವ ತಡೆ) ಸುಮಾರು 30 ಮೆಗಾರೇಲ್ (ಈ ತಡೆಯ ಅಳತೆಮಾನ), ದೇಹದ ಮೃದು ಅಂಗಾಂಶದ್ದು ಬರೀ 1.6 ಆಸುಪಾಸು. ಹಾಗಾಗಿ ಬಹುಪಾಲು ಶಬ್ದ ಒಳಕ್ಕೇ ಮರಳುತ್ತೆ. ನಡುವೆ ಕಾಲು ತರಂಗಾಂತರ ದಪ್ಪದ ಮ್ಯಾಚಿಂಗ್ ಲೇಯರ್ (ಎರಡರ ಇಂಪಿಡೆನ್ಸ್‌ಗೂ ನಡುವಿನದಾದ ಪದರ) ಕೊಡಿ. ಎರಡು ಕೊಟ್ಟರೆ ಇನ್ನೂ ಒಳ್ಳೆಯದು. ಶಬ್ದದ ವೇಗ ಸೆಕೆಂಡಿಗೆ 2500 ಮೀಟರ್ ಇರುವ ಎಪಾಕ್ಸಿಯಾದರೆ ಆ ದಪ್ಪ 0.125 ಮಿ.ಮೀ. ಅಷ್ಟೇ. ಉಜ್ಜುವಾಗ ಮೈಕ್ರೋಮೀಟರ್ ಹಿಡಿದೇ ನೋಡ್ತಿರಿ, ಸ್ವಲ್ಪ ಹೆಚ್ಚು ಸವೆದರೂ ಲೆಕ್ಕ ಕೆಡುತ್ತೆ. ಕಾಸು ಹೊಂದಿದರೆ ಬರೀ ಪಿಜಡ್‌ಟಿ ಬದಲು 1-3 ಕಾಂಪೊಸಿಟ್ (ಪಿಜಡ್‌ಟಿ ಕಂಬಿಗಳನ್ನು ಪಾಲಿಮರ್‌ನಲ್ಲಿ ಕೂರಿಸಿದ ವಸ್ತು) ತರಿಸಿ. ಅದರ ಇಂಪಿಡೆನ್ಸೇ ಕಡಿಮೆ.